ಇಸುಬಿನ ಇರುಳುಗಳು

ಮನೆಯಲ್ಲಿ ಮಗುವೊಂದು ಜ್ವರದಿಂದ ಮಲಗಿದರೆ ನೆರೆಹೊರೆಯವರೆಲ್ಲರೂ ಬಂದು ವಿಚಾರಿಸುತ್ತಾರೆ. ಬಿದ್ದು ಕೈ ಮುರಿದುಕೊಂಡರಂತೂ ಹಣ್ಣುಹಂಪಲು ಹಿಡಿದೇ ಬರುತ್ತಾರೆ. ಆದರೆ ಮಗು ಸದಾ ಮೈ ಕೆರೆದುಕೊಳ್ಳುತ್ತಿದ್ದರೆ ವಿಚಾರಿಸುವವರು ಕಡಮೆ. ತಮ್ಮ ಮಕ್ಕಳನ್ನು ಮೆಲ್ಲನೆ ಮಗ್ಗುಲಿಗೆ ಎಳೆದುಕೊಳ್ಳುವವರೇ ಹೆಚ್ಚು. ಕೆರೆದುಕೊಳ್ಳುವ ಮಗುವಿನ ತಾಯಿಗೆ ಇದು ಕಾಣದೆ ಇರುವುದಿಲ್ಲ. ಈ ವಾರದ ಮಾತು ಅಂಥ ತಾಯಂದಿರಿಗಾಗಿ.

ನನ್ನ ತಂಗಿಯ ಮಗಳನ್ನು ಚಿತ್ರದುರ್ಗದ ಸೀಮೆಯ ತುರುವನೂರಿಗೆ ಕೊಟ್ಟಿದೆ. 1939ರಲ್ಲಿ ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಮರಗಳನ್ನು ಕಡಿದು ಜನ ಸೆರೆಮನೆಗೆ ಹೋದ ಸತ್ಯಾಗ್ರಹದ ಊರು ಅದು. ಅಳಿಯ ಶಾಲೆಯ ಮೇಷ್ಟರು. ಅವರ ಮಗನಿಗೆ ಮೂರು ವರ್ಷ. ಮಾರ್ಗಶಿರದ ಚಳಿಯಲ್ಲಿ ನಾನು ಅಲ್ಲಿಗೆ ಹೋದಾಗ ಹುಡುಗಿ ಬಾಗಿಲಲ್ಲೇ, “ದೊಡ್ಡಮ್ಮ, ನಮ್ಮೂರಿನ ಹೆಸರಿನಲ್ಲೇ ತುರಿ ಇದೆ ಎಂದು ಬಸ್ಸಿನಲ್ಲಿ ಯಾರೋ ನಕ್ಕರು,” ಎಂದು ತಾನೂ ನಗಲು ಹೋದಳು. ನಗು ಅರ್ಧಕ್ಕೆ ನಿಂತಿತು. ತುರು ಎಂದರೆ ಹಳಗನ್ನಡದಲ್ಲಿ ಹಸುವೆಂದು ನಾನು ಪಾಂಡಿತ್ಯ ತೋರಿಸಿದೆನು. ಅದರಿಂದ ಅವಳಿಗೇನೂ ಸಮಾಧಾನವಾಗಲಿಲ್ಲ.

ಸಮಾಧಾನವೇಕೆ ಆಗಲಿಲ್ಲವೆಂಬುದು ರಾತ್ರಿ ತಿಳಿಯಿತು. ಒಂದು ಗಂಟೆಯ ಹೊತ್ತಿಗೆ ಒಳಕೋಣೆಯಿಂದ ಬರಬರನೆ ಒಂದು ಸದ್ದು ಕೇಳಿಬಂತು. ಇಲಿ ಏನನ್ನೋ ಕೆರೆಯುತ್ತಿರಬೇಕೆಂದುಕೊಂಡೆನು. ದೀಪ ಹಾಕಿ ನೋಡಿದರೆ ಮಗು ನಿದ್ದೆಗಣ್ಣಿನಲ್ಲೇ ಮೊಣಕಾಲಿನ ಹಿಂಬದಿಯನ್ನು ಎರಡೂ ಕೈಗಳಿಂದ ಕೆರೆದುಕೊಳ್ಳುತ್ತಿತ್ತು. ತಾಯಿ ಅದರ ಕೈಗಳನ್ನು ಹಿಡಿದುಕೊಂಡು ಗೋಡೆಗೊರಗಿ ಕುಳಿತಿದ್ದಳು. ಹಾಸಿನ ಮೇಲೆ ರಕ್ತದ ಚುಕ್ಕೆಗಳು. “ದಿನವೂ ಹೀಗೆಯೇ ದೊಡ್ಡಮ್ಮ. ಮಲಗಿ ಎಷ್ಟು ದಿನವಾಯಿತೋ ಲೆಕ್ಕವಿಲ್ಲ,” ಎಂದಳು. ಅಷ್ಟರಲ್ಲಿ ಅವಳ ಅತ್ತೆಯೂ ಎದ್ದು ಬಂದು, ನಿಟ್ಟುಸಿರು ಬಿಟ್ಟು, “ಬಸುರಿಯಲ್ಲಿ ಕಂಡದ್ದನ್ನೆಲ್ಲ ತಿನ್ನಬೇಡವೆಂದು ನಾನು ಆಗಲೇ ಬಡಕೊಂಡೆ ಬೀಗರೇ,” ಎಂದರು. ಹುಡುಗಿ ತಲೆ ತಗ್ಗಿಸಿದಳು.

ಮೊದಲು ಆ ತಗ್ಗಿದ ತಲೆಯನ್ನು ಎತ್ತಿಸೋಣ. ಮಗುವಿಗೆ ಬಂದಿದ್ದುದು ಇಸುಬು. ಡಾಕ್ಟರರು ಎಕ್ಸಿಮಾ ಎನ್ನುತ್ತಾರೆ. ಹುಳುಕಡ್ಡಿ, ಗಜಕರ್ಣ, ಕಜ್ಜಿ ಎಂದು ನಾವು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವುದುಂಟು. ಆದರೆ ಗಜಕರ್ಣ ಬೂಷ್ಟಿನಿಂದ ಬರುವುದು. ಕಜ್ಜಿಯನ್ನು ತರುವುದು ಚರ್ಮದೊಳಗೆ ಬಿಲ ತೋಡುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು. ಅವೆರಡೂ ಒಬ್ಬರಿಂದೊಬ್ಬರಿಗೆ ಅಂಟುತ್ತವೆ. ಇಸುಬು ಅಂಟುವುದಿಲ್ಲ. ಅದು ಮುಟ್ಟಿದರೆ ಬರದು, ಒಂದೇ ತಟ್ಟೆಯಲ್ಲಿ ಉಂಡರೆ ಬರದು, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರದು. ಉಬ್ಬಸ, ಸದಾ ಸೀನುವ ನೆಗಡಿ, ಇಸುಬು ಈ ಮೂರೂ ಒಂದೇ ವಂಶದಲ್ಲಿ ಓಡಾಡಿಕೊಂಡಿರುವ ನಂಟರು. ವಿಚಾರಿಸಲಾಗಿ, ನಮ್ಮ ಬೀಗಿತಿಯವರ ತಂದೆಗೇ ಗೂರಲು ಇದ್ದಿತೆಂದು ತಿಳಿದುಬಂತು! ಆ ಮಾತನ್ನು ನಾನು ಹೆಚ್ಚು ಎಳೆಯಲಿಲ್ಲ.

ಒಳಗಿನ ಸಂಗತಿಯನ್ನು ಚಿತ್ರದುರ್ಗದವರಿಗೆ ತಿಳಿಸುವುದು ಸುಲಭ. ನಮ್ಮ ಚರ್ಮವೂ ಒಂದು ಕೋಟೆ. ಹೊರಗಿನ ಧೂಳು, ಸಾಬೂನು, ರೋಗಾಣುಗಳನ್ನು ಒಳಗೆ ಬಿಡದೆ, ಒಳಗಿನ ತೇವವನ್ನು ಹೊರಗೆ ಹೋಗಗೊಡದೆ ಕಾಯುವುದು ಅದರ ಕೆಲಸ. ಕೆಲವು ಮಕ್ಕಳ ಕೋಟೆಯಲ್ಲಿ ಹುಟ್ಟಿನಿಂದಲೇ ಕಿಂಡಿಗಳಿರುತ್ತವೆ. ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪದಾರ್ಥವೊಂದುಂಟು. ಅದನ್ನು ತಯಾರಿಸುವ ವಂಶವಾಹಿಯಲ್ಲಿನ ಕೊರತೆಗೂ ಇಸುಬಿಗೂ ನಂಟಿದೆಯೆಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಅವರ ಸಂಗಡಿಗರೂ 2006ರಲ್ಲಿ ತೋರಿಸಿಕೊಟ್ಟರು. ಕಿಂಡಿಯಿಂದ ತೇವ ಹೊರಕ್ಕೆ ಹೋಗಿ ಮೈ ಒಣಗುತ್ತದೆ. ಹೊರಗಿನದು ಒಳಕ್ಕೆ ನುಗ್ಗಿ ಚರ್ಮ ಉರಿದೇಳುತ್ತದೆ. ಉರಿ ಎದ್ದರೆ ತುರಿಕೆ. ತುರಿಸಿದರೆ ಕಿಂಡಿ ಇನ್ನೂ ಅಗಲ. ಒಬವ್ವನ ಕಿಂಡಿಗೆ ಒನಕೆಯೊಂದು ಸಾಕಾಯಿತು. ಇಲ್ಲಿ ಒನಕೆ ಹಿಡಿದು ದಿನವೂ ಹಗಲಿರುಳೂ ನಿಲ್ಲಬೇಕಾದವಳು ತಾಯಿ. ಅವಳು ಬಸುರಿಯಲ್ಲಿ ತಿಂದ ಹುರಿಗಡಲೆಗೂ ಇದಕ್ಕೂ ಸಂಬಂಧವಿಲ್ಲ. ಹಾವಿನ ಶಾಪಕ್ಕೂ ಇಲ್ಲ.

ಮರುದಿನದಿಂದ ಆ ಮನೆಯಲ್ಲಿ ಕಿಂಡಿಗಳೆಲ್ಲೆಲ್ಲಿವೆಯೆಂದು ನಾವು ಮೂವರು ಹೆಂಗಸರೂ ಕೂಡಿ ಹುಡುಕಿದೆವು.

ಮೊದಲು ಸಿಕ್ಕಿದ್ದು ಕಂಬಳಿ. ಚಳ್ಳಕೆರೆಯ ಕಡೆಯ ಕರಿ ಕಂಬಳಿಯೆಂದರೆ ಆ ಸೀಮೆಯ ಹೆಮ್ಮೆ; ಚಳಿಯನ್ನೂ ಮಳೆಯನ್ನೂ ತಡೆಯುವುದರಲ್ಲಿ ಅದಕ್ಕೆ ಎಣೆಯಿಲ್ಲ. ಅಜ್ಜಿ ಮೊಮ್ಮಗನ ಮೇಲಿನ ಅಕ್ಕರೆಯಿಂದ ಅದನ್ನೇ ಹೊದಿಸುತ್ತಿದ್ದರು. ಆದರೆ ಉಣ್ಣೆಯ ಒರಟು ಎಳೆ ಇಸುಬಿನ ಮೈಗೆ ಮುಳ್ಳಿನಂತೆ. ಅದರ ಮೇಲೆ ಬಿಸಿಯೂ ಬೆವರೂ ಸೇರಿದರೆ ತುರಿಕೆ ಇಮ್ಮಡಿಸುತ್ತದೆ. ಮೆತ್ತನೆಯ ಹಳೆಯ ಹತ್ತಿಯ ಸೀರೆಯನ್ನು ಎರಡು ಮಡಿಕೆ ಮಾಡಿ ಹೊದಿಸಿ, ಕಂಬಳಿ ಬೇಕೇಬೇಕಾದರೆ ಮೈಗೆ ತಾಕದಂತೆ ಅದರ ಮೇಲೆ ಹಾಕುವುದೆಂದು ತೀರ್ಮಾನವಾಯಿತು. ಮಗುವಿನ ಅಂಗಿಯೂ ಹತ್ತಿಯದೇ ಆಗಬೇಕು, ಸಡಿಲವಾಗಿರಬೇಕು. ಶೇಂಗಾ ಬಡಿಯುವ ಕಣದ ಧೂಳಿನಲ್ಲಿ ಕೂಸನ್ನು ಆಡಬಿಡಬಾರದು. ಉಗುರನ್ನು ಎರಡು ಮೂರು ದಿನಕ್ಕೊಮ್ಮೆ ಮೋಟಾಗಿ ಕತ್ತರಿಸಿ ನುಣುಪು ಮಾಡಬೇಕು. ರಾತ್ರಿ ಹತ್ತಿಯ ಕೈಚೀಲ ತೊಡಿಸಬಹುದು. “ಕೆರೆಯಬೇಡ, ಕೆರೆಯಬೇಡ” ಎಂದು ಗದರುವುದರಿಂದ ಪ್ರಯೋಜನವಿಲ್ಲ. ತುರಿಕೆ ಮಗುವಿನ ಹಟವಲ್ಲ. ಕೈಗೆ ಒಂದು ಆಟಿಕೆ ಕೊಡಿ, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತುರಿಕೆಯ ಮೇಲೆ ಒತ್ತಿ ಹಿಡಿಯಿರಿ, ಕತೆ ಹೇಳಿ.

ಎರಡನೆಯದು ಬಚ್ಚಲು. ಹಂಡೆಯ ಸುಡುನೀರನ್ನು ಮೈ ಕೆಂಪಗಾಗುವತನಕ ಹೊಯ್ದು, ಕಡಲೆಹಿಟ್ಟು ಹಚ್ಚಿ ಚೆನ್ನಾಗಿ ಉಜ್ಜಿದರೆ ಮಗು ಶುದ್ಧವಾಯಿತೆಂದು ನಮ್ಮ ಭಾವನೆ. ಸುಡುನೀರು ಚರ್ಮದ ಎಣ್ಣೆಯನ್ನು ತೊಳೆದುಬಿಡುತ್ತದೆ. ಹಿಟ್ಟೂ ಸೀಗೆಯೂ ಒಡೆದ ಚರ್ಮವನ್ನು ಗೀರುತ್ತವೆ. ಸ್ನಾನವನ್ನೇ ಬಿಟ್ಟುಬಿಡಬೇಕೆಂದಲ್ಲ. ದಿನಕ್ಕೊಮ್ಮೆ, ಮೊಣಕೈ ಇಟ್ಟು ನೋಡಿದರೆ ಹಿತವಾಗುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ, ಐದರಿಂದ ಹತ್ತು ನಿಮಿಷ ಸ್ನಾನವಾದರೆ ಒಳ್ಳೆಯದೇ. ವಾಸನೆಯ ಸಾಬೂನು ಬೇಡ. ಬೇಕಾದೆಡೆಗಳಲ್ಲಿ ಮಾತ್ರ ವಾಸನೆಯಿಲ್ಲದ ಮೃದುವಾದುದನ್ನು ಬಳಸಿದರೆ ಸಾಕು. ಕೊನೆಯಲ್ಲಿ ಟವಲಿನಿಂದ ಉಜ್ಜದೆ, ಮೆಲ್ಲನೆ ಒತ್ತಿ ಒರಸಬೇಕು. ಮೈ ಇನ್ನೂ ಪಸೆಯಾಗಿರುವಾಗಲೇ, ಮೂರು ನಾಲ್ಕು ನಿಮಿಷದೊಳಗೆ, ಜಿಡ್ಡು ಹಚ್ಚಬೇಕು. ಗುಟ್ಟೆಲ್ಲ ಇರುವುದು ಈ ಮೂರು ನಾಲ್ಕು ನಿಮಿಷಗಳಲ್ಲಿಯೇ.

ಹುಡುಗಿ ಕೇಳಿದಳು: “ನಮ್ಮೂರ ಬೋರಿನ ನೀರು ಗಡುಸು, ಬೇಳೆಯೇ ಬೇಯುವುದಿಲ್ಲ. ನೀರು ಮೆದುಮಾಡುವ ಯಂತ್ರ ತರಿಸಬೇಕೆ?” ಗಡುಸು ನೀರಿರುವ ಕಡೆ ಇಸುಬು ಸ್ವಲ್ಪ ಹೆಚ್ಚೆಂಬುದು ನಿಜ. ಆದರೆ ಇಂಗ್ಲೆಂಡಿನಲ್ಲಿ ಇಸುಬಿದ್ದ 336 ಮಕ್ಕಳ ಮೇಲೆ ಅಂಥ ಯಂತ್ರವನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರ ಹಾಕಿದ ಮನೆಯ ಮಕ್ಕಳಿಗೂ ಹಾಕದ ಮನೆಯವರಿಗೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ನಾನದ ನೀರಿಗೆ ಸುರಿಯುವ ದುಬಾರಿ ತೈಲಗಳದೂ ಅದೇ ಕತೆಯೆಂದು 2018ರ ಇನ್ನೊಂದು ಪರೀಕ್ಷೆ ತಿಳಿಸಿತು. ಆ ಹಣವನ್ನು ಉಳಿಸಿ ಮೈಗೆ ನೇರವಾಗಿ ಹಚ್ಚುವ ಜಿಡ್ಡಿಗೆ ಖರ್ಚುಮಾಡುವುದು ಜಾಣತನ.

ಯಾವ ಜಿಡ್ಡು? ಬಿಳಿಯ ವ್ಯಾಸಲೀನು, ವಾಸನೆಯಿಲ್ಲದ ಮುಲಾಮು, ಕ್ರೀಮು, ಯಾವುದಾದರೂ ಆದೀತು. 550 ಮಕ್ಕಳ ಮೇಲೆ ನಾಲ್ಕು ಬಗೆಯ ಜಿಡ್ಡುಗಳನ್ನು ಹೋಲಿಸಿ ನೋಡಿ, ಒಂದಕ್ಕಿಂತ ಒಂದು ಮೇಲೆಂದು ಹೇಳಲಾಗದೆಂದು 2022ರಲ್ಲಿ ಇಂಗ್ಲೆಂಡಿನವರು ವರದಿಮಾಡಿದರು. ಮಗು ಯಾವುದನ್ನು ಅಳದೆ ಹಚ್ಚಿಸಿಕೊಳ್ಳುತ್ತದೆಯೋ, ನಿಮ್ಮ ಕೈಗೆ ಯಾವುದು ಎಟುಕುತ್ತದೆಯೋ ಅದೇ ಒಳ್ಳೆಯದು. ಹೊಸದುರ್ಗ, ಹಿರಿಯೂರುಗಳ ತೆಂಗಿನ ಸೀಮೆಯವರಿಗೆ ಸಂತೋಷದ ಸುದ್ದಿಯೊಂದಿದೆ: ಅಪ್ಪಟ ಕೊಬ್ಬರಿ ಎಣ್ಣೆ ಸಾಧಾರಣ ಇಸುಬಿಗೆ ಖನಿಜ ತೈಲಕ್ಕಿಂತ ಹೆಚ್ಚು ಹಿತವೆಂದು ಫಿಲಿಪ್ಪೀನ್ಸಿನ ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಕಂಡುಕೊಂಡಿದೆ. ಆದರೆ ಅದಕ್ಕೆ ಕರ್ಪೂರ ಬೆರೆಸಬಾರದು. ಸಣ್ಣ ಮಕ್ಕಳಿಗೆ ಕರ್ಪೂರ ವಿಷ. ಬೇವಿನ ರಸ, ಅರಿಶಿನ, ನಿಂಬೆ ಇವುಗಳನ್ನು ಒಡೆದ ಚರ್ಮದ ಮೇಲೆ ಹಚ್ಚಿದರೆ ಉರಿ ಹೆಚ್ಚುವುದೇ ಹೊರತು ಇಸುಬು ಹೋಗದು.

ಎಷ್ಟು ಹಚ್ಚಬೇಕು? ನಮ್ಮ ತಪ್ಪೆಲ್ಲ ಇಲ್ಲಿಯೇ. ಹಣೆಗೆ ವಿಭೂತಿ ಹಚ್ಚಿದಂತೆ ಬೆರಳ ತುದಿಯಲ್ಲಿ ಸವರಿ ಮುಗಿಸುತ್ತೇವೆ. ಇಸುಬು ಮೈಯೆಲ್ಲ ಇರುವ ಮಗುವಿಗೆ ವಾರಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋದವರೆಗೆ ಜಿಡ್ಡು ಬೇಕಾಗುತ್ತದೆ. ದಿನಕ್ಕೆ ಎರಡು ಸಲವಾದರೂ, ಮೈ ಒಣಗಿದಾಗಲೆಲ್ಲ, ಕೂದಲು ಬೆಳೆದಿರುವ ದಿಕ್ಕಿನಲ್ಲಿ, ಉಜ್ಜದೆ, ಮೇಲಿನಿಂದ ಕೆಳಕ್ಕೆ ಸವರಬೇಕು. ಇಸುಬು ಮಾಯವಾದಂತೆ ಕಂಡ ದಿನವೂ ಬಿಡಬಾರದು. ಡಬ್ಬಿಯೊಳಗೆ ಬೆರಳು ಹಾಕದೆ ಚಮಚದಿಂದ ತೆಗೆದುಕೊಳ್ಳಿ. ಜಿಡ್ಡಾದ ಬಟ್ಟೆಗೆ ಬೆಂಕಿ ಬೇಗ ಹೊತ್ತಿಕೊಳ್ಳುವುದರಿಂದ ಮಗುವನ್ನು ಒಲೆ, ದೀಪಗಳ ಹತ್ತಿರ ಬಿಡಬೇಡಿ. ಬಚ್ಚಲ ಕಲ್ಲು ಜಾರುತ್ತದೆ, ಎಚ್ಚರ.

ಈಗ ಕಷ್ಟದ ಮಾತಿಗೆ ಬರೋಣ. ಇಸುಬು ಕೆರಳಿದಾಗ, ಎಂದರೆ ಚರ್ಮ ಬಿಸಿಯಾಗಿ ದಪ್ಪಗಾಗಿ ಒಸರತೊಡಗಿದಾಗ, ಬರೀ ಜಿಡ್ಡು ಸಾಲದು. ಬಿಳಿಯರ ಮೈಯಲ್ಲಿ ಅದು ಕೆಂಪಗೆ ಕಾಣುವುದೆಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ನಮ್ಮ ಮಕ್ಕಳ ಎಣ್ಣೆಗಪ್ಪು ಮೈಯಲ್ಲಿ ಅದು ಕಂದಾಗಿಯೋ ಬೂದಿಯಾಗಿಯೋ ನೇರಳೆಯಾಗಿಯೋ ಕಾಣುತ್ತದೆ. ಆದ್ದರಿಂದ ಕಣ್ಣಿಗಿಂತ ಕೈಯನ್ನು ನಂಬಿ, ಮುಟ್ಟಿ ನೋಡಿ. ಆಗ ಡಾಕ್ಟರು ಬರೆದುಕೊಡುವುದು ಸ್ಟೀರಾಯ್ಡ್ ಮುಲಾಮು. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನನ್ನು ಮೊದಲಬಾರಿಗೆ ಚರ್ಮಕ್ಕೆ ಹಚ್ಚಿ ಯಶಸ್ಸು ಕಂಡಂದಿನಿಂದ ಇಸುಬಿನ ಚಿಕಿತ್ಸೆಯ ದಿಕ್ಕೇ ಬದಲಾಯಿತು.

ಈ ಮುಲಾಮಿನ ವಿಷಯದಲ್ಲಿ ನಾನೇ ಎರಡು ತಪ್ಪುಗಳನ್ನು ಮಾಡಿದವಳು; ಒಂದಕ್ಕೊಂದು ತದ್ವಿರುದ್ಧ ತಪ್ಪುಗಳು. ನನ್ನ ಹಿರಿಯ ಮಗ ಚಿಕ್ಕವನಾಗಿದ್ದಾಗ ಅವನ ಕೆನ್ನೆಯ ಮೇಲೆ ಇಸುಬೆದ್ದಿತು. ಡಾಕ್ಟರರ ಬಳಿಗೆ ಹೋಗದೆ ಔಷಧದ ಅಂಗಡಿಯಿಂದ ಕೊಳವೆಯೊಂದನ್ನು ತಂದು ಹಚ್ಚಿದೆನು. ಎರಡೇ ದಿನಕ್ಕೆ ಕೆನ್ನೆ ಕನ್ನಡಿಯಂತಾಯಿತು! ಸ್ವಲ್ಪ ಮರುಕಳಿಸಿದಾಗಲೆಲ್ಲ ಹಚ್ಚುತ್ತ ಎಂಟು ತಿಂಗಳು ಕಳೆದೆನು. ಅದು ಮುಖಕ್ಕೆ ಹಚ್ಚಬಾರದ ಬಲವಾದ ಸ್ಟೀರಾಯ್ಡು. ಜೊತೆಗೆ ಬೂಷ್ಟಿನ ಔಷಧವನ್ನೂ ಬೆರೆಸಿದ ಕಲಸುಮೇಲೋಗರ. ಕೆನ್ನೆಯ ಚರ್ಮ ಈರುಳ್ಳಿಯ ಸಿಪ್ಪೆಯಂತೆ ತೆಳುವಾಗಿ ರಕ್ತನಾಳಗಳು ಹೊರಗೆ ಕಾಣತೊಡಗಿದವು. ನಿಲ್ಲಿಸಿದರೆ ಮುಖವೆಲ್ಲ ಉರಿ. ಸರಿಹೋಗಲು ವರ್ಷವೇ ಹಿಡಿಯಿತು. ನನ್ನ ತಪ್ಪು ನನ್ನೊಬ್ಬಳದೇ ಆಗಿರಲಿಲ್ಲ; ದೇಶದ ತುಂಬ ಹೀಗೆಯೇ ನಡೆಯುತ್ತಿತ್ತು. ಚರ್ಮವೈದ್ಯರು ಬಹಳ ಕಾಲ ಹೋರಾಡಿದ ಮೇಲೆ 2018ರಲ್ಲಿ ಕೇಂದ್ರ ಸರಕಾರವು ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ಎರಡನೆಯ ತಪ್ಪು ಭಯದ್ದು. ಕಿರಿಯ ಮಗನಿಗೂ ಇಸುಬು ಬಂದಾಗ, ಸ್ಟೀರಾಯ್ಡ್ ಎಂಬ ಮಾತೇ ಮನೆಯಲ್ಲಿ ಕೂಡದೆಂದು ಹಟ ಹಿಡಿದೆನು. ಡಾಕ್ಟರು ಬರೆದುಕೊಟ್ಟ ಸೌಮ್ಯವಾದ ಮುಲಾಮನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದೆನು. ಮಗು ಒಂದು ಚಳಿಗಾಲವಿಡೀ ನಿದ್ದೆಯಿಲ್ಲದೆ ನರಳಿತು. ಅಂದು ನಾನು ಕಾಪಾಡಿದ್ದು ಮಗುವನ್ನಲ್ಲ, ನನ್ನ ಭಯವನ್ನು. ಚೂರಿಯಿಂದ ಒಮ್ಮೆ ಬೆರಳು ಕೊಯ್ದುಕೊಂಡೆವೆಂದು ತರಕಾರಿ ಹೆಚ್ಚುವುದನ್ನೇ ಬಿಡುತ್ತೇವೆಯೇ? ಹಿಡಿಯುವ ಕ್ರಮ ಕಲಿಯಬೇಕು.

ಕ್ರಮ ಹೀಗೆ. ಮೈಗೆ ಒಂದು, ಮುಖಕ್ಕೂ ತೊಡೆಸಂದಿಗೂ ಸೌಮ್ಯವಾದ ಮತ್ತೊಂದು ಎಂದು ಡಾಕ್ಟರು ಹೇಳಿದ್ದರೆ ಅವನ್ನು ಅದಲುಬದಲು ಮಾಡಬಾರದು. ಕೊಳವೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಅಳತೆಗೆ ನಿಮ್ಮ ಬೆರಳೇ ಸಾಕು: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಗಳಷ್ಟು ಜಾಗಕ್ಕೆ ಅಷ್ಟು ಬೇಕು. ಕೆರಳಿದ ಎಡೆಗೆ ಮಾತ್ರ, ಸಾಮಾನ್ಯವಾಗಿ ದಿನಕ್ಕೊಮ್ಮೆ ಹಚ್ಚುವುದು. ಜಿಡ್ಡು ಹಚ್ಚಿದ ಕೂಡಲೆ ಇದನ್ನು ಹಚ್ಚದೆ ಅರ್ಧ ಗಂಟೆ ಬಿಟ್ಟರೆ ಒಳ್ಳೆಯದು. ತುರಿಕೆಯೂ ಗಡಸೂ ಅಡಗುವತನಕ, ಡಾಕ್ಟರು ಹೇಳಿದಷ್ಟು ದಿನ ಹಚ್ಚಿ ನಿಲ್ಲಿಸುವುದು. ಒಂದೇ ದಿನಕ್ಕೆ ವಾಸಿಯಾಯಿತೆಂದು ಬಿಡುವುದೂ ತಪ್ಪು, ತಿಂಗಳುಗಟ್ಟಲೆ ಎಳೆಯುವುದೂ ತಪ್ಪು. ಪದೇ ಪದೇ ಮರುಕಳಿಸುವುದಾದರೆ ವಾರಕ್ಕೆ ಎರಡು ದಿನ ಮಾತ್ರ ಹಚ್ಚುವ ಕ್ರಮವೂ, ಸ್ಟೀರಾಯ್ಡ್ ಅಲ್ಲದ ಮುಲಾಮುಗಳೂ ಉಂಟು. ಅವನ್ನು ಡಾಕ್ಟರೇ ಹೇಳಬೇಕು. ವಾಸಿಯಾದ ಕಡೆ ಬಿಳಿಚಿದ ಕಲೆ ಉಳಿಯುವುದುಂಟು. ನಮ್ಮ ಬೀಗಿತಿಯವರು ಅದನ್ನು ಕಂಡು, “ತೊನ್ನಾಯಿತಲ್ಲಪ್ಪ ಶಿವನೇ!” ಎಂದು ಎದೆ ಬಡಿದುಕೊಂಡರು. ತೊನ್ನಲ್ಲ, ಉರಿ ಆರಿದ ಗುರುತು. ತಿಂಗಳುಗಳಲ್ಲಿ ಬಣ್ಣ ಕೂಡುತ್ತದೆ.

ಊಟದ ವಿಷಯದಲ್ಲಿಯೂ ಒಂದು ಮಾತು. ಹುಡುಗಿ ಕೇಳಿದವರ ಮಾತನ್ನೆಲ್ಲ ಕೇಳಿ ಹಾಲು, ಮೊಸರು, ಶೇಂಗಾ, ಬದನೆ, ಬೆಲ್ಲ ಎಲ್ಲವನ್ನೂ ಬಿಡಿಸಿ ಮಗುವನ್ನು ಕಡ್ಡಿಯನ್ನಾಗಿ ಮಾಡಿದ್ದಳು. ಇಸುಬು ಮಾತ್ರ ಕದಲಲಿಲ್ಲ. ಆಹಾರದಿಂದ ಕೆರಳುವುದು ಕೆಲವು ಮಕ್ಕಳಲ್ಲಿ, ಅದರಲ್ಲಿಯೂ ಇಸುಬು ತೀವ್ರವಾಗಿರುವ ಶಿಶುಗಳಲ್ಲಿ. ತಿಂದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು, ತುಟಿಯ ಊತ, ವಾಂತಿ ಕಂಡರೆ ಡಾಕ್ಟರಿಗೆ ತೋರಿಸಿ ಅದೊಂದನ್ನು ಬಿಡಿಸಬೇಕು. ಊಹೆಯ ಮೇಲೆ ಎಲ್ಲವನ್ನೂ ಬಿಡಿಸಬಾರದು. ಶೇಂಗಾ ಬೆಳೆಯುವ ಆ ಸೀಮೆಯವರು ಒಂದು ಸಂಗತಿಯನ್ನು ತಿಳಿದಿರಬೇಕು. ಇಂಗ್ಲೆಂಡಿನಲ್ಲಿ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ತೀವ್ರ ಇಸುಬೋ ಮೊಟ್ಟೆಯ ಅಲರ್ಜಿಯೋ ಇದ್ದ ಕೂಸುಗಳಿಗೆ ಮೊದಲ ವರ್ಷದಿಂದಲೇ ಶೇಂಗಾ ತಿನ್ನಿಸಿದ್ದರಿಂದ ಅದರ ಅಲರ್ಜಿ ಹೆಚ್ಚಾಗಲಿಲ್ಲ, ಬಹಳ ಕಡಮೆಯಾಯಿತು. ಅಂಥ ಶಿಶುವಿಗೆ ವೈದ್ಯರನ್ನು ಕೇಳಿಯೇ ಪ್ರಾರಂಭಿಸಬೇಕು. ಇಡೀ ಕಾಳು ಗಂಟಲಿಗೆ ಸಿಕ್ಕುವುದರಿಂದ ನುಣ್ಣಗೆ ಅರೆದು ಕೊಡಬೇಕು. ಹೊಟ್ಟೆಯ ದಾರಿಯಿಂದ ಬಂದರೆ ಮೈ ಅದನ್ನು ಗೆಳೆಯನೆಂದು ಗುರುತಿಸುವುದು. ಒಡೆದ ಚರ್ಮದ ಕಿಂಡಿಯಿಂದ ನುಗ್ಗಿದರೆ ಶತ್ರುವೆಂದು ತಿಳಿಯುವುದು. ಆದ್ದರಿಂದಲೇ ಇಸುಬಿನ ಮೇಲೆ ಶೇಂಗಾ ಎಣ್ಣೆ ಹಚ್ಚಬಾರದು.

ಇಷ್ಟೆಲ್ಲ ಮಾಡಿದ್ದರಿಂದ ಹತ್ತು ದಿನಗಳಲ್ಲಿ ಮಗು ನಾಲ್ಕು ಗಂಟೆ ಒಂದೇ ಸಮನೆ ನಿದ್ದೆಮಾಡಿತು. ತಾಯಿಯೂ ಮಾಡಿದಳು. ನಾನು ಊರಿಗೆ ಮರಳಿದೆನು. ಕತೆ ಇಲ್ಲಿಗೇ ಮುಗಿದಿದ್ದರೆ ಈ ಅಂಕಣವನ್ನು ಬಹುಶಃ ಬರೆಯುತ್ತಿರಲಿಲ್ಲ.

ಸಂಕ್ರಾಂತಿಗೆಂದು ಮತ್ತೆ ಹೋದೆನು. ಎಳ್ಳು ಬೀರಿದ ಮರುದಿನ ಸಂಜೆ ಮಗುವಿಗೆ ಜ್ವರ ಬಂತು. ರಾತ್ರಿ ಕತ್ತಿನ ಮೇಲೂ ಕೆನ್ನೆಯ ಮೇಲೂ ನೀರುಗುಳ್ಳೆಗಳೆದ್ದವು. ಅಜ್ಜಿ ದೀಪ ಹಿಡಿದು ನೋಡಿ ಕೈಮುಗಿದರು. “ಅಮ್ಮ ಬಂದಿದ್ದಾಳೆ. ಯಾರೂ ಏನೂ ಮಾತಾಡಬೇಡಿ. ಒಗ್ಗರಣೆ ಹಾಕಬೇಡಿ, ಆಸ್ಪತ್ರೆಯ ಹೆಸರೆತ್ತಬೇಡಿ. ಬೇವಿನ ಸೊಪ್ಪು ತನ್ನಿ,” ಎಂದರು. ಅವರ ಭಯಭಕ್ತಿಯನ್ನು ನಾನು ಹೀಯಾಳಿಸಲಾರೆನು. 1980ರಲ್ಲಿ ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ಸಿಡುಬನ್ನು ತಮ್ಮ ಮನೆಯ ನಡುಮನೆಯಲ್ಲೇ ಕಂಡ ತಲೆಮಾರಿನವರ ಮಗಳು ಅವರು. ನಿಜ ಹೇಳುವುದಾದರೆ ನಾನೂ ಅದನ್ನು ಸೀತಾಳೆ ಸಿಡುಬೆಂದೇ ಭಾವಿಸಿ, ಬೆಳಗಾಗಲಿ, ನೋಡೋಣವೆಂದೆನು.

ತಲೆ ತಗ್ಗಿಸುತ್ತಿದ್ದ ಆ ಹುಡುಗಿ ಆ ರಾತ್ರಿ ತಗ್ಗಿಸಲಿಲ್ಲ. “ಅತ್ತೆ, ಇದು ಅಮ್ಮನಲ್ಲ. ಅಮ್ಮ ಬಂದರೆ ಹೊಟ್ಟೆ ಬೆನ್ನಿನ ಮೇಲೆಲ್ಲ ಏಳಬೇಕು, ಗುಳ್ಳೆ ಒಂದು ದೊಡ್ಡದು ಒಂದು ಚಿಕ್ಕದು ಇರಬೇಕು. ಇವು ಹಳೆಯ ಇಸುಬಿನ ಮೇಲೆ ಮಾತ್ರ ಎದ್ದಿವೆ. ಎಲ್ಲವೂ ಒಂದೇ ಅಳತೆ. ಒಡೆದವುಗಳ ನಡುವೆ ಮೊಳೆ ಹೊಡೆದಂತೆ ಕುಳಿ ಬಿದ್ದಿದೆ. ಮಗು ತುರಿಸಿಕೊಳ್ಳುತ್ತಿಲ್ಲ; ನೋವೆಂದು ಅಳುತ್ತಿದೆ,” ಎಂದಳು. ಎಷ್ಟೋ ರಾತ್ರಿಗಳು ಆ ಮೈಯನ್ನೇ ನೋಡುತ್ತ ಕುಳಿತಿದ್ದವಳಿಗೆ ಅದರ ಒಂದೊಂದು ಅಂಗುಲವೂ ಗೊತ್ತಿತ್ತು. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಮ್ಮನಾಗಿದ್ದರೆ ಅವಳಿಗೆ ನಾನು ತಪ್ಪುಗಾಣಿಕೆ ಕಟ್ಟುತ್ತೇನೆ. ನೀನು ಕೂಸನ್ನು ಕರಕೊಂಡು ಹೋಗವ್ವ,” ಎಂದರು. ಅಳಿಯ ಪಕ್ಕದ ಮನೆಯವರ ಕಾರನ್ನು ಕೇಳಿ ತಂದನು. ನಸುಕಿಗೆ ಮುಂಚೆ ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದೆವು.

ಅದು ಹರ್ಪಿಸ್ ವೈರಸ್ಸು ಇಸುಬಿನ ಮೈಯಲ್ಲಿ ಹರಡಿಕೊಂಡಿದ್ದ ರೋಗ. ದೊಡ್ಡವರ ತುಟಿಯಂಚಿನಲ್ಲಿ ಜ್ವರದ ಗುಳ್ಳೆ ಏಳುತ್ತದೆಯಲ್ಲ, ಅದೇ ವೈರಸ್ಸು. ನಮಗೆ ನಾಲ್ಕು ದಿನದ ಕಿರುಕುಳ. ಇಸುಬಿನ ಮಗುವಿಗೆ ಕೋಟೆಯ ಕಿಂಡಿಗಳೆಲ್ಲ ತೆರೆದಿರುವುದರಿಂದ ಅದು ಕಾಡುಗಿಚ್ಚು. ಕಣ್ಣಿಗೆ ತಗುಲಿದರೆ ದೃಷ್ಟಿಗೆ ಅಪಾಯ. ತಡವಾದರೆ ಪ್ರಾಣಕ್ಕೂ ಅಪಾಯ. ವೈರಸ್ಸಿಗೆ ತಕ್ಕ ಔಷಧವಿದೆ. ಬೇಗ ಕೊಟ್ಟಷ್ಟೂ ಗುಣ. “ಮನೆಯಲ್ಲಿ ಯಾರಿಗಾದರೂ ತುಟಿಯ ಮೇಲೆ ಗುಳ್ಳೆ ಎದ್ದಿತ್ತೆ?” ಎಂದು ಡಾಕ್ಟರು ಕೇಳಿದಾಗ ಅಳಿಯನ ಕೈ ತಾನಾಗಿ ತನ್ನ ಬಾಯಿಗೆ ಹೋಯಿತು. ವಾರದ ಹಿಂದೆ ಅವನಿಗೆ ಎದ್ದಿತ್ತು. ಶಾಲೆಯಿಂದ ಬಂದವನು ದಿನವೂ ಮಗುವನ್ನು ಮುದ್ದಿಸುತ್ತಿದ್ದನು. ಆ ಹೊತ್ತಿನ ಅವನ ಮುಖವನ್ನು ನೋಡಲಾಗಲಿಲ್ಲ. ಮಗು ಐದು ದಿನ ಆಸ್ಪತ್ರೆಯಲ್ಲಿದ್ದು ಗುಣಹೊಂದಿತು. ಕಣ್ಣಿಗೆ ಏನೂ ಆಗಲಿಲ್ಲ.

ಆದ್ದರಿಂದ ತಾಯಂದಿರೇ, ಮನೆಯ ಉಪಚಾರದ ಗಡಿ ಎಲ್ಲಿ ಮುಗಿಯುತ್ತದೆಂಬುದನ್ನು ಕಂಠಪಾಠಮಾಡಿಕೊಳ್ಳಿ. ಒಂದೇ ಅಳತೆಯ ಗುಳ್ಳೆಗಳು, ನಡುವೆ ಕುಳಿ, ನೋವು, ಜ್ವರ ಕಂಡರೆ ಅದೇ ರಾತ್ರಿ ಆಸ್ಪತ್ರೆಗೆ. ಕಣ್ಣಿನ ಸುತ್ತ ಇದ್ದರಂತೂ ಒಂದು ಗಳಿಗೆಯೂ ಕಾಯಬಾರದು. ಜೇನಿನ ಬಣ್ಣದ ಹೆಕ್ಕಳೆ ಕಟ್ಟಿದರೆ, ಕೀವು ಸುರಿದರೆ, ಚರ್ಮ ಕಾದು ಊದಿಕೊಂಡರೆ ಅದು ಬೇರೆ ರೋಗಾಣುವಿನ ಸೋಂಕು. ಅದೇ ದಿನವೋ ಮರುದಿನವೋ ತೋರಿಸಬೇಕು. ಹೇಳಿದಂತೆ ಮುಲಾಮು ಹಚ್ಚಿಯೂ ವಾರ ಎರಡು ವಾರದಲ್ಲಿ ತಗ್ಗದಿದ್ದರೆ, ಮಗು ನಿದ್ದೆಗೆಟ್ಟು ತೂಕ ಕಳೆದುಕೊಳ್ಳುತ್ತಿದ್ದರೆ ಮತ್ತೆ ಹೋಗಬೇಕು. ತುಟಿಗುಳ್ಳೆ ಎದ್ದವರು, ತಂದೆಯೇ ಆಗಲಿ, ಅದು ಒಣಗುವತನಕ ಮಗುವಿಗೆ ಮುತ್ತು ಕೊಡಬಾರದು. ಹೀಗೆಂದು ನೆಂಟರಿಗೆ ಹೇಳಲು ಸಂಕೋಚಪಡಬೇಡಿ.

ಮೊನ್ನೆ ಹುಡುಗಿ ಫೋನು ಮಾಡಿದ್ದಳು. ಮೊಣಕಾಲ ಹಿಂದೆ ಮತ್ತೆ ಸ್ವಲ್ಪ ಕೆರಳಿದೆಯಂತೆ. ಅವಳ ದನಿಯಲ್ಲಿ ಗಾಬರಿಯಿರಲಿಲ್ಲ. ಇಸುಬು ಹೀಗೆಯೇ ಬಂದು ಹೋಗುವ ರೋಗ. ಅದನ್ನು ಬೇರುಸಹಿತ ಕೀಳುವೆವೆಂದು ಹಣ ಕೇಳುವವರನ್ನು ನಂಬಬೇಡಿ. ಬಹಳ ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ಅದು ತಾನಾಗಿ ತಗ್ಗುತ್ತದೆ. ಅಲ್ಲಿಯವರೆಗೆ ಕಿಂಡಿಯ ಕಾವಲು ತಪ್ಪಬಾರದಷ್ಟೆ.

ಆ ಕಾವಲಿಗೆ ಈಗ ಆ ಮನೆಯಲ್ಲಿ ಇಬ್ಬರಿದ್ದಾರೆ. ಸಂಜೆ ಸ್ನಾನವಾದ ಮೇಲೆ ಜಿಡ್ಡು ಹಚ್ಚುವ ಕೆಲಸವನ್ನು ಅತ್ತೆಯವರೇ ವಹಿಸಿಕೊಂಡಿದ್ದಾರಂತೆ. ಚಮಚದಿಂದ ತೆಗೆದು, ಮೇಲಿನಿಂದ ಕೆಳಕ್ಕೆ ಸವರುತ್ತಾರಂತೆ. ಕರಿ ಕಂಬಳಿಯನ್ನು ತಾವೇ ಹೊದ್ದುಕೊಳ್ಳುತ್ತಾರಂತೆ. ಬೀದಿಯ ಹೆಂಗಸೊಬ್ಬಳು ತನ್ನ ಮಗುವನ್ನು ಮಗ್ಗುಲಿಗೆ ಎಳೆದುಕೊಂಡಾಗ ಅವರು ಜಗಲಿಯ ಮೇಲಿಂದಲೇ, “ಅಂಟೋದಲ್ಲ ಕಣೇ ಅದು. ಬಿಡು, ಆಡಿಕೊಳ್ಳಲಿ,” ಎಂದು ಗದರಿದರಂತೆ.